ಚಿತ್ರ ತೆಗೆದವನ ಪಾಲು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಮೇಷ್ಟರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಬಿ.ಎಸ್‌ಸಿ. ಎರಡನೆಯ ವರ್ಷ. ಓದಿನಲ್ಲಿ ಮಧ್ಯಮ, ಮಾತು ಕಡಿಮೆ, ಹೆಗಲಿಗೆ ಸದಾ ಚಿಕ್ಕಪ್ಪ ಕೊಟ್ಟ ಹಳೆಯ ಕ್ಯಾಮೆರಾ. ಕಾಫಿ ಬರುವ ಮೊದಲೇ ಮೇಷ್ಟರು ವಿಷಯಕ್ಕೆ ಬಂದರು. ‘ಇವನು ತೆಗೆದ ಫೋಟೊ ಯಾವುದೋ ದೇಶದಲ್ಲಿ ಮಾರಾಟವಾಗಿದೆಯಂತೆ. ಈಗ ಎಂಬತ್ತು ಸಾವಿರದ ಹೊಸ ಕ್ಯಾಮೆರಾ ಬೇಕಂತೆ. ವರ್ಷದೊಳಗೆ ಅಸಲು ಹುಟ್ಟುತ್ತದೆ ಅನ್ನುತ್ತಾನೆ. ನಮ್ಮ ಸೊಸೈಟಿಯಲ್ಲಿ ಸಾಲವೇನೋ ಸಿಗುತ್ತದೆ. ತೆಗೆಯಲೋ, ಬೇಡವೋ? ನೀವೇ ಹೇಳಿ.’

ಹುಡುಗ ಮೊಬೈಲು ಮುಂದೆ ಹಿಡಿದ. ಅಂಗಳದಲ್ಲಿ ಹರಡಿದ ಅಡಿಕೆ, ಅದರ ಮೇಲೆ ಓರೆಯಾಗಿ ಬಿದ್ದ ಬೆಳಗಿನ ಬಿಸಿಲು, ಒಂದು ಮೂಲೆಯಲ್ಲಿ ಅಡಿಕೆ ಕೆದಕುತ್ತಿರುವ ಕೈ. ಚಿತ್ರ ಚೆನ್ನಾಗಿಯೇ ಇತ್ತು. ಅದರ ಕೆಳಗೆ ಒಂದು ಅಂಕಿ: 0.10. ಅಂದರೆ ಹತ್ತು ಸೆಂಟು. ನಮ್ಮ ಲೆಕ್ಕದಲ್ಲಿ ಎಂಟೂವರೆ ರೂಪಾಯಿ ಆಸುಪಾಸು.

‘ಎಷ್ಟು ಸಲ ಮಾರಾಟವಾಗಿದೆಯಪ್ಪ?’ ಎಂದೆ.

‘ಏಳು ಸಲ ಸಾರ್. ಹನಿಗೂಡಿದರೆ ಹಳ್ಳ ಅಲ್ವಾ?’

ತಂದೆಯ ಮುಖದಲ್ಲಿ ಅನುಮಾನ, ಮಗನ ಮುಖದಲ್ಲಿ ಕನಸು. ಲೆಕ್ಕ ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಇಂಥ ಪ್ರಶ್ನೆ ಈಗ ಬಹಳಷ್ಟು ಮನೆಗಳಲ್ಲಿ ಎದ್ದಿದೆ. ಫೋನಿನಲ್ಲೇ ಒಳ್ಳೆಯ ಕ್ಯಾಮೆರಾ ಬಂದಮೇಲೆ ‘ಫೋಟೊ ಹಾಕಿ, ಮಲಗಿದ್ದಾಗಲೂ ಹಣ ಗಳಿಸಿ’ ಎಂಬ ಮಾತು ಹಾಸ್ಟೆಲುಗಳಲ್ಲಿ ಹರಿದಾಡುತ್ತಿದೆ. ಆದ್ದರಿಂದ ಆ ದಿನ ಅವರಿಬ್ಬರಿಗೆ ಹೇಳಿದ್ದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮಾರುವುದು ಚಿತ್ರವನ್ನಲ್ಲ

ಸ್ಟಾಕ್ ಎಂದರೆ ದಾಸ್ತಾನು. ಪತ್ರಿಕೆಯೊಂದಕ್ಕೆ ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಹುಡುಗಿಯ ಚಿತ್ರ ನಾಳೆಯೇ ಬೇಕು ಎನ್ನಿ. ಮಳೆ ಬರುವವರೆಗೆ ಛಾಯಾಗ್ರಾಹಕನನ್ನು ಕೂರಿಸಿಕೊಂಡು ಕಾಯಲಾಗದು. ಯಾರೋ ಹಿಂದೆಂದೋ ತೆಗೆದಿಟ್ಟ ಚಿತ್ರವನ್ನು ದಾಸ್ತಾನಿನಿಂದ ತೆಗೆದು ಕೊಡುವ ಅಂಗಡಿ ಇದ್ದರೆ ಅನುಕೂಲ. ಇಂಥ ಅಂಗಡಿಗಳು ಅಂತರಜಾಲಕ್ಕಿಂತ ಬಹಳ ಮೊದಲೇ ಇದ್ದವು. ಉಕ್ಕಿನ ಬೀರುಗಳಲ್ಲಿ ಸಾವಿರಾರು ಸ್ಲೈಡುಗಳನ್ನು ವಿಷಯವಾರು ಜೋಡಿಸಿಟ್ಟು, ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದವು.

ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಯಾರೂ ಚಿತ್ರವನ್ನೇ ಮಾರುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮಾರುವುದು ಅದನ್ನು ಬಳಸುವ ಅನುಮತಿಯನ್ನು. ಮನೆಯನ್ನು ಬಾಡಿಗೆಗೆ ಕೊಟ್ಟರೆ ಮನೆ ನಮ್ಮದೇ ಆಗಿ ಉಳಿಯುವ ಹಾಗೆ ಚಿತ್ರದ ಹಕ್ಕು ತೆಗೆದವನಲ್ಲೇ ಉಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಬಾಡಿಗೆಯನ್ನು ಗಟ್ಟಿಯಾಗಿ ಲೆಕ್ಕ ಹಾಕುತ್ತಿದ್ದರು. ಚಿತ್ರ ಮುಖಪುಟಕ್ಕೋ ಒಳಪುಟಕ್ಕೋ, ಎಷ್ಟು ದೊಡ್ಡದಾಗಿ, ಎಷ್ಟು ಪ್ರತಿಗಳಲ್ಲಿ, ಯಾವ ದೇಶದಲ್ಲಿ, ಎಷ್ಟು ಕಾಲ? ಒಂದೊಂದಕ್ಕೂ ಒಂದೊಂದು ದರ. ಬಂದದ್ದನ್ನು ಅಂಗಡಿಯವರೂ ಛಾಯಾಗ್ರಾಹಕನೂ ಅರ್ಧರ್ಧ ಹಂಚಿಕೊಳ್ಳುವುದು ಸಾಮಾನ್ಯ ರೂಢಿಯಾಗಿತ್ತು.

ಆ ಕಾಲದ ಒಂದು ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರು ತೆರೆದೊಡನೆ ಕಾಣುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶ, ಬಿಳಿ ಮೋಡ. ಅದು ಕಂಪ್ಯೂಟರಿನಲ್ಲಿ ಬರೆದ ಚಿತ್ರವೆಂದು ತಿಳಿದವರೇ ಹೆಚ್ಚು. ಚಾರ್ಲ್ಸ್ ಓರಿಯರ್ ಎಂಬ ಅಮೆರಿಕದ ಛಾಯಾಗ್ರಾಹಕ 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾ ಕೌಂಟಿಯಲ್ಲಿ ಕಾರು ನಿಲ್ಲಿಸಿ, ರಸ್ತೆ ಬದಿಯಿಂದ ಫಿಲ್ಮಿನ ಮೇಲೆ ತೆಗೆದ ಚಿತ್ರ ಅದು. ಅದನ್ನು ಆತ ದಾಸ್ತಾನಿಗೆ ಹಾಕಿದ. ಕೆಲವು ವರ್ಷ ಅದು ಹತ್ತರಲ್ಲಿ ಹನ್ನೊಂದಾಗಿ ಬಿದ್ದಿತ್ತು. ಮುಂದೆ ಮೈಕ್ರೊಸಾಫ್ಟ್ ಕಂಪನಿ ಅದರ ಪೂರ್ಣ ಹಕ್ಕನ್ನೇ ಕೊಂಡಿತು. ಎಷ್ಟಕ್ಕೆ ಎಂಬುದನ್ನು ಹೇಳಬಾರದೆಂದು ಒಪ್ಪಂದ. ಆದರೆ ಮೂಲ ಫಿಲ್ಮಿನ ಬೆಲೆ ಕೇಳಿ ಕೊರಿಯರಿನವರು ಅದನ್ನು ಒಯ್ಯಲು ಒಪ್ಪಲಿಲ್ಲವಂತೆ. ಓರಿಯರ್ ತಾನೇ ವಿಮಾನ ಹತ್ತಿ ಹೋಗಿ ಕೊಟ್ಟು ಬಂದ.

ಇಂಥ ಕಥೆ ಕೇಳಿದ ಯಾವ ಹುಡುಗನಿಗೆ ತಾನೇ ಆಸೆ ಹುಟ್ಟದು? ಆದರೆ ಅದು ಪೂರ್ಣ ಹಕ್ಕಿನ ಮಾರಾಟ, ಅಪರೂಪದ ಲಾಟರಿ. ನಮ್ಮ ಹುಡುಗನ ಅಡಿಕೆಯ ಚಿತ್ರ ಮಾರಾಟವಾದ ಪೇಟೆಯೇ ಬೇರೆ.

ಬೆಲೆ ಇಳಿದ ಬಗೆ

ಈ ಹೊಸ ಪೇಟೆಯ ಹೆಸರು ‘ರಾಯಲ್ಟಿ ಫ್ರೀ’. ಈ ಹೆಸರು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಕೊಳ್ಳುವವನಿಗೆ ಪುಕ್ಕಟೆ ಎಂದೂ ಅರ್ಥವಲ್ಲ, ತೆಗೆದವನಿಗೆ ಏನೂ ಸಿಗುವುದಿಲ್ಲ ಎಂದೂ ಅಲ್ಲ. ಒಮ್ಮೆ ಹಣ ಕೊಟ್ಟರೆ ಆಯಿತು, ಕರಾರಿನ ಮಿತಿಯೊಳಗೆ ಎಷ್ಟು ಸಲ ಬಳಸಿದರೂ ಮತ್ತೆ ಮತ್ತೆ ಕೊಡಬೇಕಾಗಿಲ್ಲ ಎಂದಷ್ಟೇ. ಆದ್ದರಿಂದ ಈ ಚಿತ್ರ ಎಲ್ಲಿ, ಎಷ್ಟು ಕಾಲ ಬಳಕೆಯಾಯಿತು ಎಂಬ ಲೆಕ್ಕ ಯಾರೂ ಇಡುವುದಿಲ್ಲ. ಹಳೆಯ ಬಾಡಿಗೆ ಪದ್ಧತಿಯ ಬೆನ್ನುಮೂಳೆ ಮುರಿದದ್ದು ಇಲ್ಲಿಯೇ.

2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಎಂಬಾತ ಐಸ್ಟಾಕ್‌ಫೋಟೊ ಎಂಬ ತಾಣ ಆರಂಭಿಸಿದ. ಮೊದಲು ಅದು ಚಿತ್ರಗಳ ಕೊಡುಕೊಳೆಯ ಜಾಗವಾಗಿತ್ತು. ಬಳಿಕ ಸಣ್ಣ ಬೆಲೆಗೆ ಮಾರುವ ಪೇಟೆಯಾಯಿತು. ಡಿಜಿಟಲ್ ಕ್ಯಾಮೆರಾ ಆಗಷ್ಟೇ ಅಗ್ಗವಾಗುತ್ತಿತ್ತು. ಫಿಲ್ಮಿನ ಖರ್ಚಿಲ್ಲ, ಅಂಚೆಯ ಖರ್ಚಿಲ್ಲ. ದಾದಿಯರು, ಗುಮಾಸ್ತರು, ವಿದ್ಯಾರ್ಥಿಗಳು ರಜೆಯಲ್ಲಿ ತೆಗೆದ ಚಿತ್ರಗಳು ವೃತ್ತಿಪರರ ಚಿತ್ರಗಳ ಪಕ್ಕದಲ್ಲೇ ಮಾರಾಟಕ್ಕೆ ಬಂದವು. 2003ರಲ್ಲಿ ಜಾನ್ ಓರಿಂಜರ್ ತಾನು ತೆಗೆದ ಸುಮಾರು 30,000 ಚಿತ್ರಗಳನ್ನು ಮುಂದಿಟ್ಟು ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ತೆರೆದ. ಅವನ ಉಪಾಯ ಚಂದಾ ಪದ್ಧತಿ. ತಿಂಗಳಿಗೆ ಇಷ್ಟು ಹಣ ಕಟ್ಟಿ, ಇಷ್ಟು ಚಿತ್ರ ಒಯ್ಯಿರಿ. ದೊಡ್ಡ ಏಜೆನ್ಸಿಗಳಿಗೆ ಇದು ಬೆದರಿಕೆಯಾಗಿ ಕಂಡಿತು. 2006ರಲ್ಲಿ ಗೆಟ್ಟಿ ಇಮೇಜಸ್ 5 ಕೋಟಿ ಡಾಲರು ಕೊಟ್ಟು ಐಸ್ಟಾಕ್‌ಫೋಟೊವನ್ನೇ ಕೊಂಡುಕೊಂಡಿತು. ಫೊಟೋಲಿಯಾ ಎಂಬ ಇನ್ನೊಂದು ತಾಣವನ್ನು ಅಡೋಬಿ ಕಂಪನಿ 80 ಕೋಟಿ ಡಾಲರಿಗೆ ಕೊಂಡು, 2015ರಲ್ಲಿ ಅಡೋಬಿ ಸ್ಟಾಕ್ ಆರಂಭಿಸಿತು.

ಪೇಟೆಯ ಬೆಲೆ ಕೋಟಿಗಳಿಗೆ ಏರುತ್ತ ಹೋದಾಗ ಒಂದು ಚಿತ್ರದ ಬೆಲೆ ಸೆಂಟುಗಳಿಗೆ ಇಳಿಯುತ್ತ ಬಂತು. ಇದರಲ್ಲಿ ಒಗಟೇನೂ ಇಲ್ಲ. ಅಂಗಡಿಯವನಿಗೆ ಕೋಟ್ಯಂತರ ಚಿತ್ರಗಳಿಂದ ಆದಾಯ, ತೆಗೆದವನಿಗೆ ತನ್ನ ಮುನ್ನೂರರಿಂದ ಮಾತ್ರ.

ಹತ್ತು ಸೆಂಟಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಶಟರ್‌ಸ್ಟಾಕಿನಲ್ಲಿ 2020ರ ಮೇ ಕೊನೆಯವರೆಗೆ ಚಂದಾದಾರನೊಬ್ಬ ಒಂದು ಚಿತ್ರ ಇಳಿಸಿಕೊಂಡರೆ ತೆಗೆದವನಿಗೆ ನಿಗದಿಯಾದ ಮೊತ್ತ ಸಿಗುತ್ತಿತ್ತು. ಹೊಸಬರಿಗೆ 25 ಸೆಂಟು. ಒಟ್ಟು ಗಳಿಕೆ ಏರಿದಂತೆ 38 ಸೆಂಟಿನವರೆಗೆ. ಒಮ್ಮೆ ಏರಿದ ಮೆಟ್ಟಿಲಿನಿಂದ ಇಳಿಯುವ ಭಯವಿರಲಿಲ್ಲ. ಆ ವರ್ಷದ ಜೂನ್ 1ರಿಂದ ಕಂಪನಿ ಪದ್ಧತಿ ಬದಲಿಸಿತು. ಈಗ ನಿಗದಿ ಮೊತ್ತದ ಬದಲು ಶೇಕಡಾವಾರು ಪಾಲು, ಆರು ಮೆಟ್ಟಿಲು. ವರ್ಷದ ಮೊದಲ 100 ಚಿತ್ರಗಳ ಮಾರಾಟಕ್ಕೆ ಶೇ 15. ಅನಂತರ 250ರವರೆಗೆ ಶೇ 20, 500ರವರೆಗೆ 25, 2,500ರವರೆಗೆ 30, 25,000ದವರೆಗೆ 35, ಅದಕ್ಕೂ ಮೇಲೆ 40. ಎಷ್ಟೇ ಕಡಿಮೆಯಾದರೂ ಒಂದಕ್ಕೆ 10 ಸೆಂಟು ಖಾತ್ರಿ. ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಮೊದಲ ಮೆಟ್ಟಿಲಿಗೆ! ಹತ್ತು ವರ್ಷ ದುಡಿದವನೂ ನಿನ್ನೆ ಸೇರಿದವನೂ ಹೊಸ ವರ್ಷದ ಬೆಳಿಗ್ಗೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆಗ ಜಗತ್ತಿನ ಹಲವು ಕಡೆಯ ಛಾಯಾಗ್ರಾಹಕರು ಪ್ರತಿಭಟಿಸಿದರು. ಕೆಲವರು ತಮ್ಮ ಚಿತ್ರಗಳನ್ನೇ ಮಾರಾಟದಿಂದ ಹಿಂದೆಗೆದರು. ಕಂಪನಿ ಮನಸ್ಸು ಬದಲಿಸಲಿಲ್ಲ.

ಈಗ ಒಂದು ಊಹೆಯ ಉದಾಹರಣೆ. ಗ್ರಾಹಕನೊಬ್ಬ ತಿಂಗಳಿಗೆ 200 ಡಾಲರು ಕಟ್ಟಿ 750 ಚಿತ್ರ ಪಡೆಯುವ ಚಂದಾದಾರ ಎಂದಿಟ್ಟುಕೊಳ್ಳಿ. 200ನ್ನು 750ರಿಂದ ಭಾಗಿಸಿದರೆ ಒಂದು ಚಿತ್ರದ ಬೆಲೆ ಸುಮಾರು 27 ಸೆಂಟು. ಅದರ ಶೇ 15 ಎಂದರೆ 4 ಸೆಂಟು. ಖಾತ್ರಿ ಮೊತ್ತ ಇರುವುದರಿಂದ 10 ಸೆಂಟು ಸಿಗುತ್ತದೆ. ಎರಡನೆಯ ಮೆಟ್ಟಿಲಿಗೆ ಏರಿದರೆ? ಶೇ 20, ಅಂದರೆ 5 ಸೆಂಟು ಚಿಲ್ಲರೆ. ಸಿಗುವುದು 10 ಸೆಂಟೇ. ಐದನೆಯ ಮೆಟ್ಟಿಲಿನ ಶೇ 35 ಎಂದರೂ 9 ಸೆಂಟು ಚಿಲ್ಲರೆ. ಆಗಲೂ ಅದೇ 10 ಸೆಂಟು. ಇಂಥ ಗ್ರಾಹಕನ ಮಟ್ಟಿಗೆ ಮೆಟ್ಟಿಲುಗಳು ಇದ್ದೂ ಇಲ್ಲದಂತೆ. ಹುಡುಗ ಈ ಭಾಗಾಕಾರ ಮಾಡಿ ಮುಗಿಸಿದಾಗ ಅವನ ಮುಖ ಸ್ವಲ್ಪ ಸಣ್ಣದಾಯಿತು.

ಇನ್ನೊಬ್ಬ ಗ್ರಾಹಕ ಐದೇ ಚಿತ್ರಗಳ ಕಟ್ಟನ್ನು 50 ಡಾಲರಿಗೆ ಕೊಂಡ ಎನ್ನಿ. ಒಂದಕ್ಕೆ 10 ಡಾಲರು; ಶೇ 15 ಎಂದರೆ ಒಂದೂವರೆ ಡಾಲರು. ಒಂದೇ ಚಿತ್ರ, ಒಂದೇ ದಿನ, ಇಬ್ಬರು ಗ್ರಾಹಕರು. ಒಬ್ಬನಿಂದ ಎಂಟೂವರೆ ರೂಪಾಯಿ, ಇನ್ನೊಬ್ಬನಿಂದ ನೂರಿಪ್ಪತ್ತೇಳು. ಯಾರು ಕೊಳ್ಳುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ.

ಈಗ ಇಡೀ ವರ್ಷ. ತಿಂಗಳಿಗೆ 20ರಂತೆ ವರ್ಷಕ್ಕೆ 240 ಮಾರಾಟ ಎಂದು ಹಿಡಿಯೋಣ. ಹೊಸಬನಿಗೆ ಇದು ಕಡಿಮೆಯೇನಲ್ಲ. ಅದರಲ್ಲಿ 228 ಚಂದಾದಾರರಿಗೆ, 12 ಬಿಡಿ ಗ್ರಾಹಕರಿಗೆ. 228ಕ್ಕೆ 10 ಸೆಂಟಿನಂತೆ 22.80 ಡಾಲರು. ಹನ್ನೆರಡರಲ್ಲಿ ಐದು ಮೊದಲ ಮೆಟ್ಟಿಲಿನಲ್ಲಿದ್ದಾಗ, ಒಂದೂವರೆ ಡಾಲರಿನಂತೆ 7.50, ಏಳು ಎರಡನೆಯ ಮೆಟ್ಟಿಲಿನಲ್ಲಿದ್ದಾಗ, ಎರಡು ಡಾಲರಿನಂತೆ 14. ಒಟ್ಟು 44.30 ಡಾಲರು. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 3,765 ರೂಪಾಯಿ. ಎಂಬತ್ತು ಸಾವಿರದ ಕ್ಯಾಮೆರಾದ ಅಸಲು ಹುಟ್ಟಲು ಇಪ್ಪತ್ತೊಂದು ವರ್ಷಕ್ಕಿಂತ ಹೆಚ್ಚು ಬೇಕು. ಸೊಸೈಟಿಯ ಬಡ್ಡಿ ಬೇರೆ. ‘ಅಷ್ಟು ಹೊತ್ತಿಗೆ ಇವನ ಮಗ ಕ್ಯಾಮೆರಾ ಕೇಳುತ್ತಿರುತ್ತಾನೆ’ ಎಂದು ಮೇಷ್ಟರು ನಕ್ಕರು.

ಬೇರೆ ಅಂಗಡಿಗಳ ದರವನ್ನೂ ನೋಡಿ. ಅಡೋಬಿ ಸ್ಟಾಕ್ ಫೋಟೊಗಳಿಗೆ ಶೇ 33, ವಿಡಿಯೊಗೆ ಶೇ 35 ಕೊಡುತ್ತದೆ. ಐಸ್ಟಾಕಿನಲ್ಲಿ ಬೇರೆಡೆಯೂ ಮಾರುವವನಿಗೆ ಫೋಟೊಗೆ ಶೇ 15. ‘ನಿಮಗೆ ಬಿಟ್ಟು ಇನ್ನಾರಿಗೂ ಕೊಡುವುದಿಲ್ಲ’ ಎಂದು ಬರೆದುಕೊಟ್ಟವನಿಗೆ 25ರಿಂದ 45. ಇಂಗ್ಲೆಂಡಿನ ಅಲಾಮಿ ಒಂದು ಕಾಲಕ್ಕೆ ಅರ್ಧ ಪಾಲು ಕೊಡುತ್ತದೆಂದು ಹೆಸರಾಗಿತ್ತು. 2019ರಲ್ಲಿ ಬೇರೆಡೆಯೂ ಮಾರುವ ಚಿತ್ರಗಳಿಗೆ ಅದು 40ಕ್ಕೆ ಇಳಿಯಿತು. 2021ರ ಹೊಸ ಕರಾರಿನಲ್ಲಿ ವರ್ಷಕ್ಕೆ 250 ಡಾಲರಿನ ವ್ಯಾಪಾರವನ್ನೂ ತಾರದವರ ಪಾಲು 20 ಆಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಪಾಠ ಕಲಿಯಬೇಕು. ಶೇಕಡಾ ಎಂದೊಡನೆ ‘ಯಾವುದರ ಶೇಕಡಾ?’ ಎಂದು ಕೇಳಿ. ವರ್ಷಕ್ಕೊಮ್ಮೆ ಮಾರಾಟವಾಗುವ ಕಡೆ ಶೇ 40ಕ್ಕಿಂತ ದಿನಾ ಮಾರಾಟವಾಗುವ ಕಡೆ ಶೇ 15 ಹೆಚ್ಚಾಗಬಹುದು. ಹಾಗೆಯೇ ಎರಡನೆಯ ಪ್ರಶ್ನೆ: ‘ಈ ದರವನ್ನು ಬದಲಿಸುವ ಅಧಿಕಾರ ಯಾರಿಗೆ?’ ಮೇಲಿನ ಎಲ್ಲ ಕಥೆಗಳಲ್ಲೂ ಉತ್ತರ ಒಂದೇ. ಅಂಗಡಿಯವನಿಗೆ.

ಅಡಿಕೆ ಬೆಳೆಗಾರ ಮಂಡಿಗೆ ಅಡಿಕೆ ಹಾಕಿದರೆ ಮಂಡಿಯವರು ನೂರಕ್ಕೆ ಕೆಲವೇ ರೂಪಾಯಿ ಮುರಿದುಕೊಳ್ಳುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಗ್ರಾಹಕನನ್ನು ಹುಡುಕುವುದು, ಚಿತ್ರ ಪರಿಶೀಲಿಸುವುದು, ಕೋಟಿ ಚಿತ್ರಗಳಲ್ಲಿ ಬೇಕಾದ್ದು ಕ್ಷಣದಲ್ಲಿ ಸಿಗುವಂತೆ ಮಾಡುವುದು ಅವರ ಖರ್ಚು. ಅಡಿಕೆ ಒಮ್ಮೆ ಮಾರಿದರೆ ಮುಗಿಯಿತು. ಚಿತ್ರ ನೂರು ಸಲ ಮಾರಿದರೂ ನಮ್ಮಲ್ಲೇ ಇರುತ್ತದೆ. ಅನ್ಯಾಯವೋ ನ್ಯಾಯವೋ, ಲೆಕ್ಕ ತಿಳಿದು ಒಪ್ಪಿದರೆ ದೂರಬೇಕಾಗಿಲ್ಲ. ತಿಳಿಯದೆ ಒಪ್ಪಿ ಸಾಲ ಮಾಡಿದರೆ ತಪ್ಪು ನಮ್ಮದೇ.

ಹಣ ಕೈಸೇರುವ ದಾರಿ

ಪರದೆಯ ಮೇಲೆ ಅಂಕಿ ಮೂಡಿದ ತಕ್ಷಣ ಅದು ಬ್ಯಾಂಕಿಗೆ ಬರುವುದಿಲ್ಲ. ಕನಿಷ್ಠ ಮೊತ್ತ ಸೇರುವವರೆಗೆ ಕಾಯಬೇಕು. ಅಡೋಬಿಯಲ್ಲಿ ಅದು 25 ಡಾಲರು. ಮೊದಲ ಮಾರಾಟವಾಗಿ 45 ದಿನವೂ ಕಳೆದಿರಬೇಕು. ಹತ್ತು ಹತ್ತು ಸೆಂಟಿನಲ್ಲಿ 25 ಡಾಲರು ಸೇರಲು 250 ಮಾರಾಟ ಬೇಕೆಂಬುದನ್ನು ಮರೆಯಬೇಡಿ. ಎಷ್ಟೋ ಹುಡುಗರ ಮೊದಲ ಗಳಿಕೆ ಈ ಹೊಸ್ತಿಲು ದಾಟದೆ ಪರದೆಯ ಮೇಲೆಯೇ ಉಳಿದಿರುತ್ತದೆ. ದಾಟಿದ ಹಣ ಪೇಪಾಲ್, ಪಯೋನಿಯರ್ ಮುಂತಾದ ಮಧ್ಯವರ್ತಿಗಳ ಮೂಲಕ ಬರುತ್ತದೆ. ಡಾಲರನ್ನು ರೂಪಾಯಿ ಮಾಡುವಾಗ ಅವರೂ ಸ್ವಲ್ಪ ಮುರಿದುಕೊಳ್ಳುತ್ತಾರೆ.

ತೆರಿಗೆಯ ವಿಚಾರ ಪೋಷಕರು ಗಮನಿಸಬೇಕಾದದ್ದು. ಅಮೆರಿಕದ ಕಂಪನಿಗಳು ಡಬ್ಲ್ಯೂ-8 ಬಿಇಎನ್ ಎಂಬ ನಮೂನೆ ತುಂಬಿಸಿಕೊಳ್ಳುತ್ತವೆ. ಇದರಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ನಾವು ಭಾರತದ ನಿವಾಸಿಗಳೆಂದು ತಿಳಿಸಿದರೆ, ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅಮೆರಿಕದ ಗ್ರಾಹಕರಿಂದ ಬಂದ ರಾಯಲ್ಟಿಯಲ್ಲಿ ಶೇ 15 ಮುರಿಯುತ್ತಾರೆ. ಅಲಕ್ಷ್ಯ ಮಾಡಿದರೆ ಶೇ 30. ಆ ಆದಾಯವನ್ನು ನಮ್ಮ ಆದಾಯ ತೆರಿಗೆ ಲೆಕ್ಕದಲ್ಲೂ ತೋರಿಸಬೇಕು. ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಜಾ ಕೇಳಲು ಅವಕಾಶವಿದೆ. ಮೊತ್ತ ಚಿಕ್ಕದೆಂದು ಲೆಕ್ಕ ಬಿಡಬೇಡಿ. ಒಂದು ನೋಟುಪುಸ್ತಕ ಸಾಕು.

ಇನ್ನು ವಯಸ್ಸು. ಶಟರ್‌ಸ್ಟಾಕ್, ಅಡೋಬಿಯಂಥ ಕಡೆ ಖಾತೆ ತೆರೆಯಲು 18 ತುಂಬಿರಬೇಕು. ಹೈಸ್ಕೂಲು, ಪಿ.ಯು.ಸಿ. ಮಕ್ಕಳು ಸುಳ್ಳು ವಯಸ್ಸು ಬರೆದು ಸೇರಿದರೆ, ಮುಂದೆ ಗುರುತಿನ ಚೀಟಿ ಕೇಳಿದಾಗ ಗಳಿಕೆಯೂ ಹೋಗುತ್ತದೆ, ಖಾತೆಯೂ ಹೋಗುತ್ತದೆ. ಅವಸರವೇನಿಲ್ಲ. ಆ ವಯಸ್ಸು ಚಿತ್ರ ಮಾರುವುದಕ್ಕಲ್ಲ, ನೋಡಲು ಕಲಿಯುವುದಕ್ಕೆ.

ಅಜ್ಜಿಯ ಸಹಿ

ಮಾತಿನ ನಡುವೆ ಹುಡುಗನ ಚಿತ್ರಗಳನ್ನೆಲ್ಲ ನೋಡುತ್ತಿದ್ದೆ. ಸೂರ್ಯಾಸ್ತ, ಸೂರ್ಯೋದಯ, ಗುಲಾಬಿ, ಮತ್ತೆ ಸೂರ್ಯಾಸ್ತ. ಇವುಗಳಲ್ಲಿ ಒಂದೂ ಮಾರಾಟವಾಗಿರಲಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಈ ವ್ಯಾಪಾರಕ್ಕೇ ಹೇಳಿದಂತಿದೆ. ಸೂರ್ಯಾಸ್ತ ಎಲ್ಲ ಊರಲ್ಲೂ ಆಗುತ್ತದೆ; ಅಡಿಕೆ ಅಂಗಳ ಎಲ್ಲ ಊರಲ್ಲೂ ಇಲ್ಲ. ಕೊಳ್ಳುವವನಿಗೆ ಬೇಕಾದದ್ದು ಕೆಲಸ ಮಾಡುವ ಕೈ, ಸಂತೆ, ತರಗತಿ, ಆಸ್ಪತ್ರೆಯ ಸಾಲು. ಪ್ರತಿ ಚಿತ್ರಕ್ಕೂ ಗ್ರಾಹಕ ಹುಡುಕಬಹುದಾದ ಹತ್ತಾರು ಪದಗಳನ್ನು ಜೋಡಿಸಬೇಕು. ಅದಕ್ಕೆ ಹಿಡಿಯುವ ಹೊತ್ತು ಚಿತ್ರ ತೆಗೆಯುವುದಕ್ಕಿಂತ ಹೆಚ್ಚು. ಪರೀಕ್ಷೆಯ ತಿಂಗಳಲ್ಲಿ ಆ ಹೊತ್ತು ಎಲ್ಲಿಂದ ಬರುತ್ತದೆಂದು ಪೋಷಕರು ಕೇಳಲೇಬೇಕು.

ಹೆಸರಾದ ಚಿತ್ರವೇ ಹಣ ತರುತ್ತದೆಂದೂ ಅಲ್ಲ. ಗೆಳತಿಯ ಜೊತೆ ನಡೆಯುತ್ತ ಇನ್ನೊಬ್ಬಳನ್ನು ತಿರುಗಿ ನೋಡುವ ಯುವಕನ ಚಿತ್ರವನ್ನು ನೀವು ನಗೆಚಿತ್ರಗಳಲ್ಲಿ ಕಂಡಿರುತ್ತೀರಿ. ಸ್ಪೇನಿನ ಅಂಟೋನಿಯೊ ಗಿಯೆಮ್ 2015ರಲ್ಲಿ ತೆಗೆದ ದಾಸ್ತಾನು ಚಿತ್ರ ಅದು. 2017ರಲ್ಲಿ ಜಗತ್ತೆಲ್ಲ ಹರಡಿತು. ತಾನು ಹೆಚ್ಚು ಮಾರಿದ ಚಿತ್ರಗಳಲ್ಲಿ ಅದು ಇಲ್ಲ ಎಂದು ಆತನೇ ಹೇಳಿದ್ದಾನೆ. ನಕ್ಕವರಲ್ಲಿ ಹಣ ಕೊಟ್ಟವರು ಕಡಿಮೆ.

ಹೀಗೆ ನೋಡುತ್ತಿರುವಾಗ ಒಂದು ಚಿತ್ರದ ಮೇಲೆ ನನ್ನ ಕಣ್ಣು ನಿಂತಿತು. ಬಚ್ಚಲು ಒಲೆಯ ಮುಂದೆ ಕೂತ ಮುದುಕಿ, ಹಲ್ಲಿಲ್ಲದ ಬಾಯಲ್ಲಿ ನಗು. ಇದ್ದವುಗಳಲ್ಲೆಲ್ಲ ಒಳ್ಳೆಯ ಚಿತ್ರ.

‘ಇವರು ಯಾರು?’

‘ನಮ್ಮ ಅಜ್ಜಿ ಸಾರ್. ಮೂರು ಸಲ ಹೋಗಿದೆ.’

‘ಅವರ ಒಪ್ಪಿಗೆ ಪತ್ರ?’

ಹುಡುಗ ತಂದೆಯ ಕಡೆ ನೋಡಿದ. ‘ಅಜ್ಜಿ ತಾನೇ ಅಂತ ನಾನೇ ಸೈನ್ ಹಾಕಿದೆ.’

ಮೇಷ್ಟರು ಕಾಫಿ ಲೋಟ ಕೆಳಗಿಟ್ಟರು. ಲೆಕ್ಕ ಕೇಳುವಾಗ ನಗುತ್ತಿದ್ದವರು ಈಗ ನಗಲಿಲ್ಲ.

ಇದು ಚಿಕ್ಕ ವಿಷಯವಲ್ಲ. ಗುರುತು ಸಿಗುವ ಮುಖವಿರುವ ಚಿತ್ರವನ್ನು ಜಾಹೀರಾತಿನ ಬಳಕೆಗೆ ಕೊಡಬೇಕಾದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು. ಮಕ್ಕಳಾದರೆ ತಂದೆ ತಾಯಿ ಅಥವಾ ಪೋಷಕರ ಸಹಿ ಬೇಕು. ಒಪ್ಪಿಗೆ ಇಲ್ಲದ್ದನ್ನು ಸುದ್ದಿ, ಲೇಖನಗಳ ಬಳಕೆಗೆ ಮಾತ್ರ ಎಂದು ಗುರುತು ಹಾಕಿ ಬೇರೆ ಇಡುತ್ತಾರೆ. ಕಂಪನಿಗಳ ಗುರುತು, ಇನ್ನೊಬ್ಬರು ಬರೆದ ಚಿತ್ರ ಕಾಣಿಸಿದರೂ ತೊಡಕು. ಪ್ಯಾರಿಸಿನ ಐಫೆಲ್ ಗೋಪುರವನ್ನು ಹಗಲಲ್ಲಿ ತೆಗೆದು ಮಾರಬಹುದು, ರಾತ್ರಿಯ ದೀಪಾಲಂಕಾರಕ್ಕೆ ಮಾತ್ರ ಅನುಮತಿ ಬೇಕು! ತಪ್ಪು ಸಹಿಯಿಂದ ವ್ಯಾಜ್ಯ ಬಂದರೆ ಕರಾರಿನ ಪ್ರಕಾರ ಹೊಣೆ ಹೊರಬೇಕಾದವನು ಚಿತ್ರ ಕೊಟ್ಟವನು. ಹತ್ತು ಸೆಂಟಿನ ಗಳಿಕೆಗೆ ಲಕ್ಷದ ಹೊಣೆ.

ಕಾನೂನು ಪಕ್ಕಕ್ಕಿರಲಿ. ಒಮ್ಮೆ ಮಾರಾಟವಾದ ಮುಖ ಯಾವ ಊರಿನ ಯಾವ ಫಲಕದ ಮೇಲೆ, ಯಾವ ತೈಲದ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತದೆಂದು ತೆಗೆದವನಿಗೂ ತಿಳಿಯದು. ಸಹಿ ಕೇಳುವುದೆಂದರೆ ಈ ಮಾತನ್ನು ಆ ವ್ಯಕ್ತಿಗೆ ಹೇಳಿ ಒಪ್ಪಿಸುವುದು. ಕಾಗದ ಬರಿಯ ನೆಪ.

ಯಂತ್ರದ ಮೇವು

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಸಂದಾಯ ಸೇರಿಕೊಂಡಿದೆ. ಕೇಳಿದ ಚಿತ್ರವನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆಯಷ್ಟೆ. ಅವು ಕಲಿಯುವುದು ಮನುಷ್ಯರು ತೆಗೆದ ಕೋಟ್ಯಂತರ ಚಿತ್ರಗಳಿಂದ. ಶಟರ್‌ಸ್ಟಾಕ್ ತನ್ನ ದಾಸ್ತಾನನ್ನು ಇಂಥ ಕಲಿಕೆಗೆ ಕೊಟ್ಟು, ಬಂದ ಹಣದಲ್ಲಿ ಪಾಲು ಹಂಚಲು 2022ರಲ್ಲಿ ಒಂದು ನಿಧಿ ಮಾಡಿತು, ಬೇಡವೆನ್ನುವವರು ಹೊರಗುಳಿಯಬಹುದು. ಅಡೋಬಿ ತನ್ನ ಫೈರ್‌ಫ್ಲೈ ಯಂತ್ರಕ್ಕೆ ಬಳಕೆಯಾದ ಚಿತ್ರಗಳ ಒಡೆಯರಿಗೆ 2023ರಲ್ಲಿ ಬೋನಸ್ ಕೊಟ್ಟಿತು. ಈ ಹಣ ಮಾರಾಟದ ಲೆಕ್ಕದ್ದಲ್ಲ. ಎಷ್ಟು, ಯಾವಾಗ ಎಂಬುದು ಕಂಪನಿಯ ತೀರ್ಮಾನ. ತೆಗೆದವನ ಚಿತ್ರ ತಿಂದು ಬೆಳೆದ ಯಂತ್ರ ನಾಳೆ ಅವನಿಗೇ ಪ್ರತಿಸ್ಪರ್ಧಿ. ‘ನಗುವ ಕುಟುಂಬ, ಬಿಳಿ ಹಿನ್ನೆಲೆ’ ಎಂಬಂಥ ಚಿತ್ರಗಳಿಗೆ ಇನ್ನು ಕ್ಯಾಮೆರಾವೇ ಬೇಡ. ನಿಜವಾದ ಊರಿನ, ನಿಜವಾಗಿ ನಡೆದ ಘಟನೆಯ ಚಿತ್ರ ಮಾತ್ರ ಯಂತ್ರಕ್ಕೆ ಎಟುಕದು.

ಇದರ ಜೊತೆ ಪುಕ್ಕಟೆ ಚಿತ್ರಗಳ ತಾಣಗಳಿವೆ. 2013ರಲ್ಲಿ ಆರಂಭವಾದ ಅನ್‌ಸ್ಪ್ಲಾಶ್ ಅಂಥದ್ದು. ಅಲ್ಲಿ ಉಚಿತವಾಗಿ ಕೊಟ್ಟ ಚಿತ್ರ ಲಕ್ಷ ಸಲ ಇಳಿದರೂ ತೆಗೆದವನಿಗೆ ಹೆಸರಷ್ಟೆ. ಅದನ್ನು 2021ರಲ್ಲಿ ಕೊಂಡದ್ದು ಗೆಟ್ಟಿ. ಆ ಗೆಟ್ಟಿಯೂ ಶಟರ್‌ಸ್ಟಾಕೂ ಒಂದಾಗುವ ನಿರ್ಧಾರವನ್ನು 2025ರ ಜನವರಿಯಲ್ಲಿ ಪ್ರಕಟಿಸಿದವು. ಅಂಗಡಿಗಳು ಕಡಿಮೆಯಾದಷ್ಟೂ ಸರಕು ತಂದವನ ಮಾತಿಗೆ ಬೆಲೆ ಕಡಿಮೆ.

ಹಾಗಾದರೆ ಏನು ಮಾಡಬೇಕು?

ಇಷ್ಟೆಲ್ಲ ಕೇಳಿ ಮೇಷ್ಟರು, ‘ಅಂದರೆ ಇದನ್ನು ಬಿಟ್ಟುಬಿಡು ಅಂತ ಹೇಳಲಾ?’ ಎಂದರು. ನಾನು ಬೇಡವೆಂದೆ. ಈ ಕೆಲಸದಿಂದ ಸಾವಿರಾರು ಡಾಲರು ಗಳಿಸುವವರೂ ಇದ್ದಾರೆ. ಅವರ ಹಿಂದೆ ವರ್ಷಗಳ ದುಡಿಮೆ, ಸಾವಿರಗಟ್ಟಲೆ ಚಿತ್ರ, ಪೇಟೆಯ ತಿಳಿವಳಿಕೆ ಇರುತ್ತದೆ. ಅದು ಪೂರ್ಣ ವೃತ್ತಿ. ಮಲಗಿದ್ದಾಗ ಬರುವ ಹಣವಲ್ಲ. ವಿದ್ಯಾರ್ಥಿಗೆ ಅದು ಹವ್ಯಾಸವಾಗಿ, ಕಣ್ಣಿನ ಶಾಲೆಯಾಗಿ ಇರಲಿ. ಚಿತ್ರ ತಿರಸ್ಕಾರವಾದಾಗ ‘ಫೋಕಸ್ ಸರಿಯಿಲ್ಲ’, ‘ಬೆಳಕು ಸಾಲದು’ ಎಂದು ಕಾರಣ ಹೇಳುತ್ತಾರೆ. ಇಂಥ ಪುಕ್ಕಟೆ ಪಾಠ ಬೇರೆಲ್ಲೂ ಸಿಗದು.

ಆದರೆ ಕೆಲವು ಕಟ್ಟು ಇರಲಿ. ಈ ಗಳಿಕೆಯನ್ನು ನಂಬಿ ಸಾಲ ಮಾಡಬೇಡಿ. ಕ್ಯಾಮೆರಾದ ಹಣ ಕ್ಯಾಮೆರಾದಿಂದಲೇ ಹುಟ್ಟಲಿ. ಕಾಲೇಜಿನ ಫೀಜಿಗೆ ಇದನ್ನು ಲೆಕ್ಕ ಹಿಡಿಯಬೇಡಿ. ಕರಾರನ್ನು ತಂದೆ ಮಗ ಕೂತು ಪೂರ್ತಿ ಓದಿ. ಒಂದೇ ಅಂಗಡಿಗೆ ಬರೆದುಕೊಡುವ ಮೊದಲು ಒಂದು ವರ್ಷ ಕಾಯಿರಿ. ಮೂಲ ಚಿತ್ರಗಳ ಪ್ರತಿ ಮನೆಯಲ್ಲಿರಲಿ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬಂತೆ ನೂರು ಸೂರ್ಯಾಸ್ತದ ಬದಲು ನಿಮ್ಮ ಊರಿನ ಒಂದು ಕಸುಬನ್ನು ಆದಿಯಿಂದ ಅಂತ್ಯದವರೆಗೆ ತೆಗೆಯಿರಿ. ಆ ಚಿತ್ರಗಳು ಮಾರಾಟವಾಗದಿದ್ದರೂ ಮುಂದೊಂದು ದಿನ ಊರಿಗೆ ಬೇಕಾಗುತ್ತವೆ.

ಮೊನ್ನೆ ಮೇಷ್ಟರು ಫೋನು ಮಾಡಿದ್ದರು. ಸೊಸೈಟಿಯ ಅರ್ಜಿ ಹರಿದು ಹಾಕಿದ್ದಾರೆ. ಹಳೆಯ ಕ್ಯಾಮೆರಾದಲ್ಲೇ ವರ್ಷದೊಳಗೆ 25 ಡಾಲರು ಬ್ಯಾಂಕಿಗೆ ಬಂದರೆ ಹೊಸ ಲೆನ್ಸಿಗೆ ತಾವು ಅರ್ಧ ಹಾಕುವುದಾಗಿ ಮಗನಿಗೆ ಮಾತು ಕೊಟ್ಟಿದ್ದಾರಂತೆ. ಅಜ್ಜಿಯ ಚಿತ್ರವನ್ನು ಹುಡುಗ ಅಂದೇ ಮಾರಾಟದಿಂದ ತೆಗೆದ. ಮುಂದಿನ ವಾರ ಊರಿಗೆ ಹೋಗಿ, ಅಜ್ಜಿಯ ಎದುರು ಕೂತು ಎಲ್ಲ ವಿವರಿಸಿ ಒಪ್ಪಿಗೆ ಕೇಳಿದನಂತೆ.

ಅಜ್ಜಿ ಪೂರ್ತಿ ಕೇಳಿ, ‘ಎಲ್ಲಿ ತೂಗುಹಾಕಿದಾರೆ ಅಂತ ನಮಗೆ ಹೇಳ್ತಾರೇನೋ?’ ಎಂದರಂತೆ.

‘ಇಲ್ಲ ಅಜ್ಜಿ.’

‘ಹಾಗಾದ್ರೆ ನಮ್ಮನೆ ಗೋಡೆ ಮೇಲೇ ಇರ್ಲಿ ಬಿಡು.’

ಹುಡುಗ ಅದನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಿದ್ದಾನೆ. ಚೌಕಟ್ಟಿಗೆ ಮುನ್ನೂರೈವತ್ತು ರೂಪಾಯಿ ಆಯಿತಂತೆ. ಅಡಿಕೆಯ ಚಿತ್ರ ಈಚೆಗೆ ಎಂಟನೆಯ ಸಲ ಮಾರಾಟವಾಗಿದೆ. ಮತ್ತೆ ಹತ್ತು ಸೆಂಟು.